ಭೂಮಿಯ ಪೂರೈಕೆ ಬದಲಾಗದು ಅಂತ ಪುಸ್ತಕ, ವರ್ಷಕ್ಕೊಂದು ಲೇಔಟ್ ಅಂತ ದಾವಣಗೆರೆಯ ಹದಡಿ ರಸ್ತೆ: ಯಾವುದು ಸರಿ?

ಹದಡಿರಸ್ತೆ_ಅಪ್ಪ

ಎಲ್ಲರಿಗೂ ನಮಸ್ಕಾರ. ಜಗಳ ಹಚ್ಚೋಕೆ ಬಂದಿಲ್ಲ, ಅದು ನಮ್ಮ ಮನೆಯಲ್ಲಿ ಆಗಲೇ ಹತ್ತಿಕೊಂಡಿದೆ.

ಮಗಳು ಸೆಕೆಂಡ್ ಪಿಯು, ಕಾಮರ್ಸ್. ಹೋದ ವಾರ ಅರ್ಥಶಾಸ್ತ್ರದ ಕಿರುಪರೀಕ್ಷೆ ಇತ್ತು. ಎರಡು ಅಂಕದ ಪ್ರಶ್ನೆ: ಭೂಮಿಯ ಪೂರೈಕೆಯ ಬೆಲೆ ಸ್ಥಿತಿಸ್ಥಾಪಕತ್ವ ಎಷ್ಟು, ಯಾಕೆ? ನೋಟ್ಸ್‌ನಲ್ಲಿ ಇದ್ದ ಉತ್ತರ ಸೊನ್ನೆ. ಬೆಲೆ ಎಷ್ಟೇ ಏರಲಿ, ಭೂಮಿ ಒಂದಿಂಚೂ ಹೆಚ್ಚಲ್ಲ, ಅದಕ್ಕೆ.

ಇವಳು ಬರೆದದ್ದು: "ಸೊನ್ನೆ ಅಲ್ಲ. ನಮ್ಮ ಮನೆ ಹಿಂದೆ ಭತ್ತದ ಗದ್ದೆ ಇತ್ತು. ರೇಟ್ ಏರಿದ ಮೇಲೆ ಅಲ್ಲಿ ನಲವತ್ತು ಸೈಟ್ ಬಂದವು." ಸ್ಥಿತಿಸ್ಥಾಪಕತ್ವ ಸೊನ್ನೆ ಆಗಲಿಲ್ಲ, ಮಾರ್ಕ್ಸ್ ಸೊನ್ನೆ ಆಯಿತು.

ಅವಳು ಅತ್ತಿಲ್ಲ, ಅದೇ ನನಗೆ ಭಯ. "ಅಪ್ಪಾ, ಮೇಲೆ ಬಾ" ಅಂತ ತಾರಸಿಗೆ ಕರೆದುಕೊಂಡು ಹೋಗಿ ಬೆರಳು ಮಾಡಿ ತೋರಿಸಿದಳು. ಕೆಂಪು ಮಣ್ಣಿನ ರಸ್ತೆ, ಬಿಳಿ ಬಣ್ಣ ಬಳಿದ ಕಲ್ಲು, ಲೈಟ್ ಕಂಬ. ನಾನು ಏನು ಹೇಳಲಿ? ನಾನು ಡಿಪ್ಲೊಮಾ ಮೆಕ್ಯಾನಿಕಲ್. ನನಗೆ ಗೊತ್ತಿರೋ ಸ್ಥಿತಿಸ್ಥಾಪಕತ್ವ ಸ್ಪ್ರಿಂಗ್‌ದು.

ಖಾರಮಂಡಕ್ಕಿ

ಎರಡಕ್ಕೆ ಮೂರು ಕೊಡಬೇಕಿತ್ತು ಮಗಳಿಗೆ.

ನಿವೃತ್ತ_ಮೇಷ್ಟ್ರು

ಅಪ್ಪ ಅವರೇ, ಮೇಷ್ಟ್ರನ್ನು ಬೈಯುವ ಮೊದಲು ಒಂದು ನಿಮಿಷ. ನಾನೂ ಸೀಮೆಸುಣ್ಣದ ಧೂಳು ಕುಡಿದವನೇ.

ಸ್ಥಿತಿಸ್ಥಾಪಕತ್ವದ ಲೆಕ್ಕ ಸುಲಭ. ಬೆಲೆ ಶೇಕಡಾ ಎಷ್ಟು ಬದಲಾಯಿತು, ಅದಕ್ಕೆ ಪೂರೈಕೆ ಶೇಕಡಾ ಎಷ್ಟು ಬದಲಾಯಿತು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಟೊಮೆಟೊ ರೇಟ್ ಈ ಸಲ ಏರಿದರೆ ಮುಂದಿನ ಸಲ ಎಲ್ಲರೂ ಟೊಮೆಟೊ ಹಾಕುತ್ತಾರೆ. ಪೂರೈಕೆ ಹಿಗ್ಗುತ್ತದೆ. ಭೂಮಿಗೆ ಆ ಭಾಗ್ಯ ಇಲ್ಲ. ಬೆಲೆ ಹತ್ತು ಪಟ್ಟಾದರೂ ದಾವಣಗೆರೆ ತಾಲ್ಲೂಕಿನ ವಿಸ್ತೀರ್ಣ ಅಷ್ಟೇ. ಸೊನ್ನೆಯನ್ನು ಯಾವುದರಿಂದ ಭಾಗಿಸಿದರೂ ಸೊನ್ನೆ. ನಕ್ಷೆಯಲ್ಲಿ ಪೂರೈಕೆ ಗೆರೆ ಕಂಬದ ಹಾಗೆ ನೆಟ್ಟಗೆ ನಿಲ್ಲುತ್ತದೆ.

ಇದರ ಬೇರು ಡೇವಿಡ್ ರಿಕಾರ್ಡೋ, 1817. ಆಗ ಇಂಗ್ಲೆಂಡಿನಲ್ಲಿ ಧಾನ್ಯದ ಬೆಲೆಯದೇ ಜಗಳ. ಜಮೀನ್ದಾರರು ಜಾಸ್ತಿ ಗೇಣಿ ಕೇಳುತ್ತಾರೆ, ಅದಕ್ಕೇ ಧಾನ್ಯ ದುಬಾರಿ ಅಂತ ಜನ ಹೇಳುತ್ತಿದ್ದರು. ರಿಕಾರ್ಡೋ ಅದನ್ನು ತಿರುಗಿಸಿದ. ಗೇಣಿ ಜಾಸ್ತಿ ಇದೆ ಅಂತ ಧಾನ್ಯ ದುಬಾರಿ ಆಗಿಲ್ಲ, ಧಾನ್ಯ ದುಬಾರಿ ಆಗಿದ್ದಕ್ಕೆ ಗೇಣಿ ಜಾಸ್ತಿ ಆಗಿದೆ. ಭೂಮಿ ಹೆಚ್ಚಲ್ಲ, ಹಾಗಾಗಿ ಅದರ ಬೆಲೆಯನ್ನು ಬೇಡಿಕೆಯೇ ತೀರ್ಮಾನಿಸುತ್ತದೆ. ಇಷ್ಟು ಗೊತ್ತಿದ್ದರೆ ಎರಡಕ್ಕೆ ಎರಡು.

ಲೇಔಟ್_ಮನುಷ್ಯ

ಮೇಷ್ಟ್ರೇ, ರಿಕಾರ್ಡೋ ಸಾಹೇಬರು ಹದಡಿ ರಸ್ತೆಗೆ ಬಂದಿದ್ದರೆ ಆ ಸಾಲು ಬರೆಯುತ್ತಿರಲಿಲ್ಲ. ನಾನು ಇದೇ ಕೆಲಸದಲ್ಲಿದ್ದೇನೆ, ನನ್ನ ಲೆಕ್ಕ ಕೇಳಿ.

ಒಂದು ಎಕರೆ ಅಂದರೆ 40 ಗುಂಟೆ. ಗುಂಟೆಗೆ 1,089 ಚದರ ಅಡಿ. ಒಟ್ಟು 43,560. ರಸ್ತೆ, ಪಾರ್ಕ್, ಸಾರ್ವಜನಿಕ ಬಳಕೆ ಜಾಗ ಅಂತ ಬಿಟ್ಟು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕೈಗೆ ಸಿಗುತ್ತದೆ. ಶೇ 55 ಅಂದ್ಕೊಳ್ಳಿ. ಥರ್ಟಿ ಫಾರ್ಟಿ ಸೈಟ್ ಹತ್ತಿರ ಹತ್ತಿರ ಇಪ್ಪತ್ತು ಬರುತ್ತವೆ. ನಿನ್ನೆ ಸೊನ್ನೆ ಸೈಟ್ ಇದ್ದ ಕಡೆ ಇವತ್ತು ಇಪ್ಪತ್ತು. ಇದು ಪೂರೈಕೆ ಅಲ್ಲದೆ ಇನ್ನೇನು? ಬೆಲೆ ಏರದೇ ಇದ್ದರೆ ಯಾರು ಮಾಡುತ್ತಿದ್ದರು ಇದನ್ನು?

ಸರ್ವೇನಂಬರ್

ಅದು ಹೊಸ ಭೂಮಿ ಅಲ್ಲ ಸ್ವಾಮಿ. ನಾನು ಅಳತೆ ಕೆಲಸದಲ್ಲಿ ಇದ್ದವನು, ಸರಪಳಿ ಎಳೆದವನು. 45ನೇ ಸರ್ವೇ ನಂಬರ್‌ಗೆ 45/1, 45/2, 45/3 ಅಂತ ಮಕ್ಕಳು ಮೊಮ್ಮಕ್ಕಳು ಹುಟ್ಟುತ್ತವೆ. ಎಲ್ಲ ಕೂಡಿಸಿದರೆ ಆಕಾರ್‌ಬಂದ್‌ನಲ್ಲಿ, ಅಂದರೆ ಮೂಲ ಅಳತೆ ದಾಖಲೆಯಲ್ಲಿ, ಇರೋ ಅಷ್ಟೇ ವಿಸ್ತೀರ್ಣ. ಹೋಳಿಗೆಯನ್ನು ಎಂಟು ತುಂಡು ಮಾಡಿದರೆ ಎಂಟು ಹೋಳಿಗೆ ಆಗಲ್ಲ.

ಲೇಔಟ್_ಮನುಷ್ಯ

ತಿನ್ನೋ ಎಂಟು ಜನರಿಗೆ ಕೇಳಿ ನೋಡಿ.

ಎಂಸಿಸಿ_ಬಿ_ಬ್ಲಾಕ್

ಹೋಳಿಗೆ ಅಂದ್ರಲ್ಲ, ಈಗ ಹಸಿವಾಯಿತು.

ಇಬ್ಬರೂ ಸರಿ ಅನ್ನಿಸುತ್ತೆ ನನಗೆ. ಒಟ್ಟು ನೆಲ ಹೆಚ್ಚಲ್ಲ. ಆದರೆ ಮನೆ ಕಟ್ಟೋ ನೆಲ ಹೆಚ್ಚುತ್ತೆ, ಭತ್ತದ ನೆಲ ಅಷ್ಟೇ ಕಡಿಮೆ ಆಗುತ್ತೆ. ಒಂದು ಜೇಬಿನಿಂದ ಇನ್ನೊಂದು ಜೇಬಿಗೆ. ಹಾಗಾದರೆ ಪ್ರಶ್ನೆಯಲ್ಲೇ "ಯಾವ ಭೂಮಿ" ಅಂತ ಕೇಳಬೇಕಿತ್ತು ಅಲ್ವಾ?

ನಿವೃತ್ತ_ಮೇಷ್ಟ್ರು

ಬಿ ಬ್ಲಾಕಿನವರು ಸರಿಯಾದ ಜಾಗಕ್ಕೆ ಬೆರಳಿಟ್ಟರು. ಒಪ್ಪಿದೆ. ಇಡೀ ಸಮಾಜದ ಲೆಕ್ಕದಲ್ಲಿ ಸೊನ್ನೆ. ಒಂದು ಬಳಕೆಯ ಲೆಕ್ಕದಲ್ಲಿ ಸೊನ್ನೆ ಅಲ್ಲ. ಪುಸ್ತಕದಲ್ಲೂ ಇದು ಇರುತ್ತದೆ, ಆದರೆ ಮುಂದಿನ ಪ್ಯಾರಾದಲ್ಲಿ. ಮಕ್ಕಳು ಅಲ್ಲಿಗೆ ಹೋಗುವಷ್ಟರಲ್ಲಿ ಬೆಲ್ ಹೊಡೆಯುತ್ತದೆ.

ಒಂದು ಉದಾಹರಣೆ. ಹೆದ್ದಾರಿ ಪಕ್ಕ ಒಂದು ಎಕರೆ ಇದೆ ಅಂದ್ಕೊಳ್ಳಿ. ಭತ್ತಕ್ಕೆ ಕೊಟ್ಟರೆ ವರ್ಷಕ್ಕೆ 20 ಸಾವಿರ ಗುತ್ತಿಗೆ. ಗೋಡೌನಿಗೆ ಕೊಟ್ಟರೆ 1 ಲಕ್ಷ. ಗೋಡೌನಿನವನು ಆ ಜಮೀನು ಭತ್ತಕ್ಕೆ ವಾಪಸ್ ಹೋಗದ ಹಾಗೆ ಹಿಡಿದುಕೊಳ್ಳೋಕೆ ಕನಿಷ್ಠ 20 ಸಾವಿರ ಕೊಡಲೇಬೇಕು. ಅದು ವರ್ಗಾವಣೆ ಗಳಿಕೆ. ಉಳಿದ 80 ಸಾವಿರ ಮಾಲೀಕನಿಗೆ ಬೆವರು ಹರಿಸದೆ ಬಂದದ್ದು. ಅರ್ಥಶಾಸ್ತ್ರದಲ್ಲಿ ಗೇಣಿ ಅಂದರೆ ಅದು.

ಎಂಸಿಸಿ_ಬಿ_ಬ್ಲಾಕ್

ಅಂದರೆ ಗೆರೆ ಕಡಿದಾಗಿದ್ದರೆ ಅಸ್ಥಿತಿಸ್ಥಾಪಕ, ಮಲಗಿದ್ದರೆ ಸ್ಥಿತಿಸ್ಥಾಪಕ. ಅಷ್ಟೇ ಅಲ್ವಾ? ಸುಮ್ನೆ ಇಷ್ಟುದ್ದ ಮಾಡ್ತೀರಿ.

ನಿವೃತ್ತ_ಮೇಷ್ಟ್ರು

ಹೊಗಳಿದ ಮರುನಿಮಿಷ ಎಡವಿದಿರಿ. ಮೂಲಬಿಂದುವಿನಿಂದ ಹೊರಟ ನೇರ ಪೂರೈಕೆ ಗೆರೆ ಎಷ್ಟೇ ಕಡಿದಾಗಿರಲಿ, ಸ್ಥಿತಿಸ್ಥಾಪಕತ್ವ 1. ಇಳಿಜಾರು ಬೇರೆ, ಸ್ಥಿತಿಸ್ಥಾಪಕತ್ವ ಬೇರೆ. ನೂರು ಉತ್ತರ ಪತ್ರಿಕೆಯಲ್ಲಿ ತೊಂಬತ್ತರಲ್ಲಿ ಈ ತಪ್ಪು ನೋಡಿದ್ದೇನೆ.

ಖಾರಮಂಡಕ್ಕಿ

ಬಿ ಬ್ಲಾಕ್ ಫೇಲ್. ಏ ಬ್ಲಾಕಿನವರು ಮುಂದೆ ಬನ್ನಿ.

ತೋಟದ_ಮನೆ

ಚನ್ನಗಿರಿ ಕಡೆಯವನು ನಾನು. ನೀವೆಲ್ಲ ಸೈಟು ಸೈಟು ಅಂತ ಕೂತಿದ್ದೀರಿ. ಭೂಮಿ ಬೆಲೆಗೆ ಕುಣಿಯೋದು ನೋಡಬೇಕು ಅಂದರೆ ಬೆಳೆ ನೋಡಿ.

ನಮ್ಮ ತಾತನ ಕಾಲದಲ್ಲಿ ದಾವಣಗೆರೆ ಸುತ್ತ ಹತ್ತಿ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಸುಮ್ನೆ ಕರೆದರಾ? ಮಿಲ್ಲುಗಳು ಒಂದೊಂದೇ ಮುಚ್ಚಿದವು, ಹತ್ತಿ ಹಿಂದೆ ಸರಿಯಿತು, ಮೆಕ್ಕೆಜೋಳ ಬಂತು. ನೆಲ ಅದೇ. ಈಗ ಭದ್ರಾ ನಾಲೆ ಕೆಳಗೆ ಭತ್ತದ ಗದ್ದೆಗಳಲ್ಲಿ ಅಡಿಕೆ ಸಸಿ ನಿಂತಿವೆ. ರಾಶಿ ಅಡಿಕೆ ಕ್ವಿಂಟಲ್‌ಗೆ 50 ಸಾವಿರದ ಆಸುಪಾಸು ಹೋದಾಗ ನಮ್ಮೂರಲ್ಲಿ ಜೆಸಿಬಿ ಸಿಗುತ್ತಿರಲಿಲ್ಲ. ಗದ್ದೆ ಬದು ಒಡೆಸೋಕೆ ಪಾಳಿ ಹಚ್ಚಬೇಕಿತ್ತು.

ಆದರೆ ಒಂದು ವ್ಯತ್ಯಾಸ ಇದೆ. ಮೆಕ್ಕೆಜೋಳಕ್ಕೆ ಹೋದ ಹೊಲ ಮುಂದಿನ ವರ್ಷ ಬೇಕಾದರೆ ರಾಗಿಗೆ ಬರುತ್ತದೆ. ಅಡಿಕೆಗೆ ಹೋದದ್ದು ಬರಲ್ಲ. ಫಸಲು ಕಾಣೋಕೆ ಐದಾರು ವರ್ಷ ಕಾಯಬೇಕು. ಅಷ್ಟು ವರ್ಷ ಕಾದವನು ರೇಟ್ ಬಿತ್ತು ಅಂತ ಕೊಡಲಿ ಹಾಕುತ್ತಾನಾ? ಏರುವಾಗ ಹಿಗ್ಗುತ್ತೆ, ಇಳಿಯುವಾಗ ಕುಗ್ಗಲ್ಲ. ನಿಮ್ಮ ನಕ್ಷೆಯಲ್ಲಿ ಇದಕ್ಕೆ ಯಾವ ಗೆರೆ ಎಳೀತೀರಿ ಮೇಷ್ಟ್ರೇ?

ನಿವೃತ್ತ_ಮೇಷ್ಟ್ರು

ಒಳ್ಳೆ ಪ್ರಶ್ನೆ. ಒಂದೇ ಗೆರೆ ಸಾಲದು, ಹೋಗೋಕೆ ಒಂದು ದಾರಿ, ಬರೋಕೆ ಇನ್ನೊಂದು.

ಬೆಳೆ ಪ್ರದೇಶದ ಮೇಲೆ ಹಳೆಯ ಕೆಲಸ ಇದೆ. 1963ರಲ್ಲಿ ರಾಜ್ ಕೃಷ್ಣ ಅನ್ನುವ ಅರ್ಥಶಾಸ್ತ್ರಜ್ಞ ಪಂಜಾಬ್ ಪ್ರಾಂತ್ಯದ ಅಂಕಿಅಂಶ ಹಿಡಿದು ಲೆಕ್ಕ ಹಾಕಿದರು. ನಮ್ಮ ರೈತ ಬೆಲೆಗೆ ಸ್ಪಂದಿಸುವುದಿಲ್ಲ, ಅಪ್ಪ ಹಾಕಿದ್ದನ್ನೇ ಮಗ ಹಾಕುತ್ತಾನೆ ಅಂತ ಆಗ ದೊಡ್ಡವರೆಲ್ಲ ನಂಬಿದ್ದರು. ಇವರ ಲೆಕ್ಕದಲ್ಲಿ ಹತ್ತಿಯ ಎಕರೆಗಳು ಬೆಲೆಗೆ ಚೆನ್ನಾಗಿಯೇ ಸ್ಪಂದಿಸಿದ್ದವು, ಗೋಧಿಯವು ಕಡಿಮೆ. ಒಂದೇ ವರ್ಷಕ್ಕೆ ನೋಡಿದರೆ ಸ್ಪಂದನೆ ಚಿಕ್ಕದು, ಹಲವು ವರ್ಷಕ್ಕೆ ನೋಡಿದರೆ ದೊಡ್ಡದು.

ತೋಟದ_ಮನೆ

ಇದನ್ನು ಹೇಳೋಕೆ ಲೆಕ್ಕ ಬೇಕಿತ್ತಾ? ಎಪಿಎಂಸಿ ಹತ್ತಿರ ಟೀ ಅಂಗಡಿಯಲ್ಲಿ ಕೂತಿದ್ದರೆ ಗೊತ್ತಾಗುತ್ತಿತ್ತು.

ಲೇಔಟ್_ಮನುಷ್ಯ

ಹಲವು ವರ್ಷ ಅಂದ್ರಲ್ಲ, ಅಲ್ಲೇ ನಮ್ಮ ಪಾಡೂ ಇರೋದು. ಜನ ತಿಳ್ಕೊಂಡಿದ್ದಾರೆ, ರೇಟ್ ಏರಿದ ಮಾರನೇ ದಿನ ನಾವು ಕಲ್ಲು ನೆಡುತ್ತೇವೆ ಅಂತ. ಮೊದಲು ಪಹಣಿಯಲ್ಲಿ ಎಲ್ಲ ಹೆಸರು ಒಂದೇ ಆಗಬೇಕು. ಅಣ್ಣತಮ್ಮಂದಿರು ಒಪ್ಪಬೇಕು, ಅಕ್ಕತಂಗಿಯರು ಸಹಿ ಹಾಕಬೇಕು. ಆಮೇಲೆ ಕೃಷಿ ಜಮೀನನ್ನು ಬೇರೆ ಬಳಕೆಗೆ ತರೋಕೆ ಭೂ ಕಂದಾಯ ಕಾಯ್ದೆ 1964ರ 95ನೇ ಕಲಂ ಪ್ರಕಾರ ಪರಿವರ್ತನೆ. ಆಮೇಲೆ ಪ್ರಾಧಿಕಾರದ ನಕ್ಷೆ ಒಪ್ಪಿಗೆ. ಆಮೇಲೆ ಚರಂಡಿ, ಕರೆಂಟು, ನೀರು. ಎಲ್ಲ ಸುಸೂತ್ರ ಆದರೂ ಎರಡು ಮೂರು ವರ್ಷ.

ಚದರ ಅಡಿ ರೇಟ್ 1,000 ಇದ್ದದ್ದು 1,200 ಆಯಿತು ಅಂದ್ಕೊಳ್ಳಿ. ಶೇ 20 ಏರಿಕೆ. ವರ್ಷಕ್ಕೆ 100 ಸೈಟ್ ಬರುತ್ತಿದ್ದ ಕಡೆ ಆ ವರ್ಷ 105 ಬರಬಹುದು. ಮೂರು ವರ್ಷ ಬಿಟ್ಟು ನೋಡಿ, 140 ಬಂದಿರುತ್ತವೆ.

ನಿವೃತ್ತ_ಮೇಷ್ಟ್ರು

ಅಂದರೆ ಮೊದಲ ವರ್ಷ 0.25, ಮೂರು ವರ್ಷಕ್ಕೆ 2. ಅದೇ ಊರು, ಅದೇ ಬೆಲೆ ಏರಿಕೆ. ಲೇಔಟ್ ಅವರೇ, ನಿಮಗೆ ಪಾಸ್ ಮಾರ್ಕ್ಸ್.

ಲೇಔಟ್_ಮನುಷ್ಯ

ಪಿಯುನಲ್ಲಿ ಸಿಗದೇ ಇದ್ದದ್ದು ಈಗ ಸಿಕ್ಕಿತು.

ಕೋಟೆಕಲ್ಲು

ದುರ್ಗದಿಂದ ನಮಸ್ಕಾರ. ಬಯಲಿನಲ್ಲಿ ಕೂತು ಮಾತಾಡೋದು ಸುಲಭ ನಿಮಗೆ. ದಾವಣಗೆರೆಯಲ್ಲಿ ಯಾವ ದಿಕ್ಕಿಗೆ ಕಲ್ಲೆಸೆದರೂ ಮಟ್ಟಸ ಹೊಲ. ನಮ್ಮಲ್ಲಿ ಕಲ್ಲೆಸೆದರೆ ಕಲ್ಲಿಗೇ ತಾಗುತ್ತೆ. ಒಂದು ಕಡೆ ಕೋಟೆ ಬೆಟ್ಟ, ಇನ್ನೊಂದು ಕಡೆ ಜೋಗಿಮಟ್ಟಿ ಕಾಡು. ಊರು ಬೆಳೆಯಬೇಕು ಅಂದರೆ ಹೆದ್ದಾರಿ ಕಡೆಗೇ ಬೆಳೆಯಬೇಕು. ಪೂರೈಕೆ ಗೆರೆಯನ್ನು ಇಲ್ಲಿ ಪ್ರಕೃತಿಯೇ ಎಳೆದಿಟ್ಟಿದೆ.

ಇದರ ಮೇಲೆ ಅಮೆರಿಕದಲ್ಲಿ ಸಂಶೋಧನೆ ಆಗಿದೆ, ನನ್ನ ಎಂಎ ಸೆಮಿನಾರ್‌ಗೆ ಓದಿದ್ದೆ. ಆಲ್ಬರ್ಟ್ ಸಾಯಿಜ್ ಅಂತ, 2010ರದ್ದು. ಉಪಗ್ರಹದ ಮಾಹಿತಿ ಹಿಡಿದು ಪ್ರತಿ ನಗರದ ನಡುವಿನಿಂದ 50 ಕಿ.ಮೀ. ತ್ರಿಜ್ಯದಲ್ಲಿ ಎಷ್ಟು ಜಾಗ ನೀರು, ಎಷ್ಟು ಜಾಗ ಶೇ 15ಕ್ಕಿಂತ ಕಡಿದಾದ ಇಳಿಜಾರು ಅಂತ ಅಳೆದ. ಸಮುದ್ರ, ಗುಡ್ಡ ಜಾಸ್ತಿ ಇರುವ ಊರುಗಳಲ್ಲಿ ಬೇಡಿಕೆ ಏರಿದರೆ ಮನೆ ಹೆಚ್ಚಲ್ಲ, ಬೆಲೆ ಹೆಚ್ಚುತ್ತೆ. ಬಯಲು ಊರುಗಳಲ್ಲಿ ಮನೆ ಹೆಚ್ಚುತ್ತೆ. ಅವರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಹ್ಯೂಸ್ಟನ್ ಇದ್ದ ಹಾಗೆ ನಮ್ಮಲ್ಲಿ ದುರ್ಗ ಮತ್ತು ದಾವಣಗೆರೆ.

ಖಾರಮಂಡಕ್ಕಿ

ದುರ್ಗ ಸ್ಯಾನ್ ಫ್ರಾನ್ಸಿಸ್ಕೊ ಅಂತೆ. 1997ರಲ್ಲಿ ನಾವು ಬೇರೆ ಜಿಲ್ಲೆ ಆಗಿದ್ದಕ್ಕೆ ಇನ್ನೂ ಹೊಟ್ಟೆ ಉರಿ.

ಕೋಟೆಕಲ್ಲು

ನಿಮ್ಮ ಊರಿಗೆ ಜಿಲ್ಲೆ ಕೊಟ್ಟವರು ನಾವು, ಮರೀಬೇಡಿ. ಇರಲಿ, ಇನ್ನೊಂದು ಕೇಳಿ. ನಮ್ಮ ಗುಡ್ಡದ ನೆತ್ತಿಗಳನ್ನು ಮೊದಲು ಯಾರೂ ಕೇಳುತ್ತಿರಲಿಲ್ಲ. ಮೇಕೆ ಮೇಯಿಸೋಕೆ ಹೋಗುತ್ತಿದ್ದರು, ಅಷ್ಟೇ. ಗಾಳಿಗಿರಣಿ ಬಂದವು ನೋಡಿ, ಅದೇ ಬೋಳು ನೆತ್ತಿಗೆ ಬೆಲೆ ಬಂತು. ಗುಡ್ಡ ಒಂದಡಿ ಬೆಳೆದಿಲ್ಲ. ಗಾಳಿ ಮೊದಲೂ ಬೀಸುತ್ತಿತ್ತು. ರಿಕಾರ್ಡೋಗೆ ಇದನ್ನು ತೋರಿಸಬೇಕಿತ್ತು.

ಚಳ್ಳಕೆರೆ_ಶೇಂಗಾ

ನಮ್ಮ ಕಡೆಯದ್ದೂ ಸೇರಿಸಿ. ಚಳ್ಳಕೆರೆ ತಾಲ್ಲೂಕಿನ ಅಮೃತ್ ಮಹಲ್ ಕಾವಲು ಗೊತ್ತಲ್ಲ, ಹುಲ್ಲುಗಾವಲು. ಮಹಾರಾಜರ ಕಾಲದಿಂದ ದನ ಮೇಯುತ್ತಿದ್ದ ನೆಲ. ಕುದಾಪುರದ ಸುತ್ತ ಸಾವಿರಾರು ಎಕರೆ ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊ ಅಂತ ಹೋಯಿತು. ವಿಜ್ಞಾನ ಸಂಸ್ಥೆಗೇ 1,500 ಎಕರೆ. ಹಸಿರು ನ್ಯಾಯಮಂಡಳಿವರೆಗೂ ವ್ಯಾಜ್ಯ ನಡೆಯಿತು.

ಇದಕ್ಕೆ ಯಾವ ಸ್ಥಿತಿಸ್ಥಾಪಕತ್ವ? ಬೆಲೆ ಏರಿತು ಅಂತ ಆ ನೆಲ ಹೊರಬಂತಾ? ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯೇ ಇರಲಿಲ್ಲ. ಒಂದು ಆದೇಶ ಬಂತು, ನೆಲ ಹೋಯಿತು. ಕುರಿಯವರನ್ನು ಯಾರೂ ರೇಟ್ ಕೇಳಲಿಲ್ಲ. ನೀವು ಬೆಲೆ, ಪೂರೈಕೆ ಅಂತ ಗೆರೆ ಎಳೆಯುವಾಗ ಗೋಮಾಳ, ಕಾವಲು, ಖರಾಬು ಎಲ್ಲಿ ಬರುತ್ತೆ ಹೇಳಿ ನೋಡೋಣ.

ನಿವೃತ್ತ_ಮೇಷ್ಟ್ರು

ಅದು ಗೆರೆಯ ಆಚೆ ಬರುತ್ತದೆ. ಬೆಲೆಗೆ ಓಗೊಟ್ಟು ನೆಲ ಬಂದರೆ ಗೆರೆಯ ಮೇಲೆ ನಡೆದ ಹಾಗೆ. ಆದೇಶದಿಂದ ಬಂದರೆ ಗೆರೆಯನ್ನೇ ಎತ್ತಿ ಬೇರೆ ಕಡೆ ಇಟ್ಟ ಹಾಗೆ. ನಿಮ್ಮ ಪ್ರಶ್ನೆ ಅರ್ಥಶಾಸ್ತ್ರದ ಪರೀಕ್ಷೆಗಿಂತ ದೊಡ್ಡದು. ಅದಕ್ಕೆ ನನ್ನ ಬಳಿ ಎರಡು ಅಂಕದ ಉತ್ತರ ಇಲ್ಲ.

ಎಂಸಿಸಿ_ಬಿ_ಬ್ಲಾಕ್

2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದರಲ್ಲ, ಆಗಲೂ ಪೂರೈಕೆ ಜಾಸ್ತಿ ಆಯಿತು ಅಲ್ವಾ? ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತಾಯಿತು.

ಸರ್ವೇನಂಬರ್

ಕೊಳ್ಳೋರು ಜಾಸ್ತಿ ಆದರೆ ಅದು ಬೇಡಿಕೆ ಕಣ್ರೀ, ಪೂರೈಕೆ ಅಲ್ಲ. ಎರಡನೇ ಸಲ ಫೇಲ್.

ಎಂಸಿಸಿ_ಬಿ_ಬ್ಲಾಕ್

ಸಪ್ಲಿಮೆಂಟರಿಗೆ ಕಟ್ಟುತ್ತೇನೆ.

ಬೆಂಗಳೂರಲ್ಲಿ_ದಾವಣಗೆರೆ

ತಡವಾಗಿ ಬಂದೆ, ಆದರೆ ಎಲ್ಲರೂ ಒಂದು ಮಾತು ಬಿಟ್ಟಿದ್ದೀರಿ. ಬೆಲೆ ಏರಿದರೆ ಪೂರೈಕೆ ಏರುತ್ತೆ, ಇಲ್ಲಾ ಹಾಗೇ ಇರುತ್ತೆ ಅಂತಲೇ ಮಾತಾಡ್ತಿದ್ದೀರಿ. ನಮ್ಮ ಮನೆಯಲ್ಲಿ ಬೆಲೆ ಏರಿದ್ದಕ್ಕೆ ಪೂರೈಕೆ ಇಳಿಯಿತು.

ನಮ್ಮ ಸೋದರಮಾವನಿಗೆ ಊರ ಪಕ್ಕ ಎರಡು ಎಕರೆ. ಮಗಳ ಮದುವೆ, ಮಗನ ಕಾಲೇಜು, ಹಳೇ ಸಾಲ, ಎಲ್ಲ ಸೇರಿ 20 ಲಕ್ಷ ಬೇಕಿತ್ತು. ಆಗ ಗುಂಟೆಗೆ 1 ಲಕ್ಷದ ಮಾತು ನಡೆದಿತ್ತು. 20 ಗುಂಟೆ ಕೊಡೋದು ಅಂತ ಮನೆಯಲ್ಲಿ ತೀರ್ಮಾನ. ಅಷ್ಟರಲ್ಲಿ ಪಕ್ಕದಲ್ಲಿ ರಸ್ತೆ ಅಗಲ ಆಗುತ್ತೆ ಅಂತ ಸುದ್ದಿ ಹಬ್ಬಿತು. ಗುಂಟೆಗೆ 2 ಲಕ್ಷ ಕೊಡ್ತೀವಿ ಅಂತ ಜನ ಬಂದರು. ಪುಸ್ತಕದ ಪ್ರಕಾರ ಮಾವ ಜಾಸ್ತಿ ಮಾರಬೇಕು. ಮಾವ ಹತ್ತೇ ಗುಂಟೆ ಮಾರಿದರು. "ನನಗೆ ಬೇಕಾದ್ದು ಇಪ್ಪತ್ತು ಲಕ್ಷ, ಅದು ಬಂತು. ಉಳಿದದ್ದು ಯಾಕೆ ಮಾರಲಿ?" ಅಂದರು.

ಇನ್ನೂ ಇದೆ ಕತೆ. ಆಮೇಲೆ 3 ಲಕ್ಷ ಅಂತ ಬಂದರು. ಮಾವ ಒಂದು ಗುಂಟೆಯನ್ನೂ ಕೊಡಲಿಲ್ಲ. "ಇವತ್ತು ಮೂರು ಅಂದವನು ಮುಂದಿನ ವರ್ಷ ನಾಲ್ಕು ಅಂತಾನೆ" ಅಂತ ಬಾಗಿಲಲ್ಲೇ ಟೀ ಕೊಟ್ಟು ಕಳಿಸಿದರು. ಅತ್ತೆಗೆ ಮಾತ್ರ ಸಿಟ್ಟು. ಆ ಟೀ ಪುಡಿ ಖರ್ಚೇ ಒಂದು ಗುಂಟೆ ಬೆಲೆ ಆಯಿತು ಅಂತಾರೆ.

ಲೇಔಟ್_ಮನುಷ್ಯ

ನಿಮ್ಮ ಮಾವನಂಥವರ ಮನೆ ಟೀ ನಾನು ನೂರು ಕಡೆ ಕುಡಿದಿದ್ದೇನೆ. ಸಕ್ಕರೆ ಜಾಸ್ತಿ, ಸಹಿ ಕಡಿಮೆ.

ನಿವೃತ್ತ_ಮೇಷ್ಟ್ರು

ಇದು ಬಹಳ ಮುಖ್ಯ. ಬೆಲೆ ಶೇ 100 ಏರಿತು, ಪೂರೈಕೆ ಶೇ 50 ಇಳಿಯಿತು. ಮೈನಸ್ 0.5. ಹಿಂದಕ್ಕೆ ಬಾಗುವ ಪೂರೈಕೆ ಗೆರೆ ಅಂತ ಇದಕ್ಕೆ. ಸಾಮಾನ್ಯವಾಗಿ ಕೂಲಿಯ ಪಾಠದಲ್ಲಿ ಹೇಳಿಕೊಡುತ್ತೇವೆ, ಕೂಲಿ ತುಂಬಾ ಏರಿದರೆ ಜನ ಕಡಿಮೆ ಗಂಟೆ ದುಡಿಯುತ್ತಾರೆ ಅಂತ. ಜಮೀನಿಗೂ ಹೊಂದುತ್ತದೆ ಅಂತ ನಾನು ಯಾವತ್ತೂ ಪಾಠ ಮಾಡಿರಲಿಲ್ಲ. ಮಾಡಬೇಕಿತ್ತು. ಮೂರು ಲಕ್ಷದ ಮಾತು ಮಾತ್ರ ಬೇರೆ. ಅದು ನಿರೀಕ್ಷೆ. ನಾಳೆಯ ಬೆಲೆ ಇವತ್ತಿನ ಪೂರೈಕೆಯನ್ನು ಹಿಡಿದು ನಿಲ್ಲಿಸುತ್ತದೆ.

ಕೋಟೆಕಲ್ಲು

ನಿರೀಕ್ಷೆ ಅಂದರೆ ನಮ್ಮ ಭದ್ರಾ ಮೇಲ್ದಂಡೆ. ನೀರು ಬರುತ್ತೆ ಅಂತ ಸುದ್ದಿ ಬಂದಾಗಲೇ ಒಣ ಹೊಲದವರು ಮಾರೋದು ನಿಲ್ಲಿಸಿದರು. ನಮ್ಮ ಕಡೆ ಕಾಲುವೆಗಿಂತ ಮೊದಲು ಬೆಲೆ ಹರಿಯಿತು.

ತುಮಕೂರು, ದುರ್ಗ, ದಾವಣಗೆರೆ ರೈಲು ಮಾರ್ಗದ ಕತೆಯೂ ಅದೇ. ಸ್ಟೇಷನ್ ಎಲ್ಲಿ ಬರುತ್ತೆ ಅಂತ ಟೀ ಅಂಗಡಿಯಲ್ಲೇ ನಕ್ಷೆ ಬರೆದವರು ಎಷ್ಟು ಜನ!

ತೋಟದ_ಮನೆ

ನೀರಿನ ವಿಷಯ ಬಂತು ಅಂತ ಹೇಳ್ತೀನಿ, 2022ರಲ್ಲಿ ಮಾರಿಕಣಿವೆ (ವಾಣಿವಿಲಾಸ ಸಾಗರ ಅಣೆಕಟ್ಟು) ಕೋಡಿ ಬಿದ್ದಾಗ ಹೋಗಿದ್ದಿರಾ ಯಾರಾದರೂ? 1933 ಆದ ಮೇಲೆ ಮತ್ತೆ ಬಿದ್ದದ್ದು ಆಗಲೇ. ನಾನು ಹೋಗಿದ್ದೆ. ಜಾತ್ರೆ ಜನ.

ಚಳ್ಳಕೆರೆ_ಶೇಂಗಾ

ಹೋಗಿದ್ದೆ. ಬೈಕ್ ನಿಲ್ಲಿಸೋಕೆ ಜಾಗ ಇರಲಿಲ್ಲ. ಭೂಮಿಯ ಪೂರೈಕೆ ಅಲ್ಲಿ ನಿಜವಾಗಿ ಸೊನ್ನೆ. ಹೊಲದವನೊಬ್ಬ ಬದುವಿನ ಮೇಲೆ ಪಾರ್ಕಿಂಗ್ ಮಾಡಿಸಿ ಬೈಕಿಗೆ 20 ರೂಪಾಯಿ ತಗೊಂಡ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ನಾಲ್ಕು ಹೊಲದವರೂ ಹಗ್ಗ ಕಟ್ಟಿದರು, ರೇಟ್ 10ಕ್ಕೆ ಇಳಿಯಿತು.

ನಿವೃತ್ತ_ಮೇಷ್ಟ್ರು

ಈ ಬದುವಿನ ಪಾರ್ಕಿಂಗ್ ಅನ್ನು ನಾನು ಕದಿಯುತ್ತೇನೆ. ಇದಕ್ಕಿಂತ ಒಳ್ಳೆ ಉದಾಹರಣೆ ಪುಸ್ತಕದಲ್ಲಿಲ್ಲ.

ಖಾರಮಂಡಕ್ಕಿ

ಹೊಸ ಭೂಮಿ ಹುಟ್ಟೋದೇ ಇಲ್ಲ ಅಂತೀರಲ್ಲ, ಹಾಲೆಂಡ್‌ನವರು ಸಮುದ್ರ ಹಿಂದೆ ತಳ್ಳಿ ಫ್ಲೆವೊಲ್ಯಾಂಡ್ ಅಂತ ಒಂದು ಪ್ರಾಂತ್ಯವನ್ನೇ ಮಾಡಿಕೊಂಡರು. ಪ್ರಾಂತ್ಯ ಅಂತ ಘೋಷಣೆ ಆದದ್ದು 1986. ಸಿಂಗಪುರ 1965ರ ಹೊತ್ತಿಗೆ 580 ಚದರ ಕಿ.ಮೀ. ಆಸುಪಾಸು, ಈಗ 730 ದಾಟಿದೆ. ಮುಂಬೈ ಏಳು ದ್ವೀಪ ಇತ್ತು, ಈಗ ಎಣಿಸಿ ನೋಡೋಣ. ದುಡ್ಡಿದ್ದರೆ ಸಮುದ್ರವೂ ಸೈಟೇ.

ಸರ್ವೇನಂಬರ್

ನಮಗೆ ಸಮುದ್ರ ಎಲ್ಲಿದೆ? ನಮ್ಮ ಹಾಲೆಂಡ್ ಅಂದರೆ ಕೆರೆ ಒತ್ತುವರಿ. ರೇಟ್ ಏರಿದಷ್ಟೂ ಕೆರೆ ಅಂಗಳ ಕಿರಿದಾಗುತ್ತೆ, ರಾಜಕಾಲುವೆ ಪೈಪ್ ಆಗುತ್ತೆ. ಎಷ್ಟೋ ಕಡೆ ಹಳೇ ನಕ್ಷೆ ಹಿಡಿದು ಹೋದರೆ ಕೆರೆ ಏರಿ ಹುಡುಕಬೇಕು. ಮಳೆ ಬಂದಾಗ ಮಾತ್ರ ನೀರು ಹಳೇ ನಕ್ಷೆ ನೋಡಿಕೊಂಡೇ ಬರುತ್ತೆ.

ಬೆಂಗಳೂರಲ್ಲಿ_ದಾವಣಗೆರೆ

ಕೊನೇ ಸಾಲು ಬೆಂಗಳೂರಿನವರಿಗೆ ಕಳಿಸಿದೆ.

ಎಂಸಿಸಿ_ಬಿ_ಬ್ಲಾಕ್

ಮೂರನೇ ಪ್ರಯತ್ನ. ನಮ್ಮ ಬೀದಿಯಲ್ಲೇ ಎಷ್ಟೋ ಖಾಲಿ ಸೈಟ್. ಮಾಲೀಕರು ಬೆಂಗಳೂರಲ್ಲೋ ಅಮೆರಿಕದಲ್ಲೋ. ಇಲ್ಲಿ ಪಾರ್ಥೇನಿಯಂ, ಜಾಲಿ, ಹಾವು. ಇವರ ಮೇಲೆ ಜಾಸ್ತಿ ತೆರಿಗೆ ಹಾಕಿದರೆ ಮಾರುತ್ತಾರೆ, ಪೂರೈಕೆ ಹೆಚ್ಚುತ್ತೆ. ಇದಾದರೂ ಸರಿನಾ?

ಲೇಔಟ್_ಮನುಷ್ಯ

ತೆರಿಗೆ ಹಾಕಿದರೆ ಅದನ್ನು ಕೊಳ್ಳೋನ ತಲೆಗೆ ಕಟ್ಟುತ್ತಾರೆ ಅಷ್ಟೇ. ಯಾರು ಕೈಯಿಂದ ಕಟ್ಟುತ್ತಾರೆ?

ನಿವೃತ್ತ_ಮೇಷ್ಟ್ರು

ಇಲ್ಲಿ ಬಿ ಬ್ಲಾಕ್ ಸರಿ, ಲೇಔಟ್ ತಪ್ಪು. ಕಾರಣ ಅದೇ ಸೊನ್ನೆ.

ಸೋಪಿನ ಮೇಲೆ ತೆರಿಗೆ ಹಾಕಿದರೆ ಕಂಪನಿ ಸೋಪು ಕಡಿಮೆ ಮಾಡುತ್ತದೆ, ಬೆಲೆ ಏರುತ್ತದೆ, ನಮ್ಮ ತಲೆಗೆ ಬರುತ್ತದೆ. ನೆಲವನ್ನು ಕಡಿಮೆ ಮಾಡೋಕೆ ಬರಲ್ಲ. ಸೈಟನ್ನು ಬೀರುವಿನಲ್ಲಿ ಬಚ್ಚಿಡೋಕೆ ಆಗಲ್ಲ. ಕೊಳ್ಳುವವನು ಮೊದಲು ಎಷ್ಟು ಕೊಡೋಕೆ ತಯಾರಿದ್ದನೋ ಈಗಲೂ ಅಷ್ಟಕ್ಕೇ ತಯಾರು. ಹಾಗಾಗಿ ಹೊರೆ ಮಾಲೀಕನ ಮೇಲೇ ಕೂರುತ್ತದೆ. ಹೆನ್ರಿ ಜಾರ್ಜ್ ಅನ್ನುವ ಅಮೆರಿಕದವನು 1879ರಲ್ಲಿ ಇದನ್ನೇ ಹಿಡಿದು, ಬೇರೆ ತೆರಿಗೆ ಎಲ್ಲ ಬಿಡಿ, ನೆಲದ ಬೆಲೆಯ ಮೇಲೊಂದೇ ಹಾಕಿ ಅಂತ ವಾದಿಸಿದ. ಕಟ್ಟಡದ ಮೇಲೆ ಬೇಡ. ಯಾಕೆಂದರೆ ಕಟ್ಟಡದ ಪೂರೈಕೆ ಸೊನ್ನೆ ಅಲ್ಲ, ತೆರಿಗೆ ಹಾಕಿದರೆ ಜನ ಕಟ್ಟೋದೇ ಬಿಡುತ್ತಾರೆ.

ಲೇಔಟ್_ಮನುಷ್ಯ

ಮತ್ತೆ ನಮ್ಮ ಅಂಗಡಿ ಮಾಲೀಕ ಕಂದಾಯ ಏರಿತು ಅಂತ ಬಾಡಿಗೆ ಏರಿಸಿದನಲ್ಲ?

ನಿವೃತ್ತ_ಮೇಷ್ಟ್ರು

ಅವನು ಏರಿಸೋಕೆ ನೆಪ ಹುಡುಕುತ್ತಿದ್ದ, ಕಂದಾಯ ಸಿಕ್ಕಿತು. ಮೊದಲೇ ಅಷ್ಟು ಬಾಡಿಗೆ ಸಿಗುವ ಹಾಗಿದ್ದರೆ ಇಷ್ಟು ದಿನ ಕಡಿಮೆಗೆ ಕೊಟ್ಟಿದ್ದು ಅವನ ಔದಾರ್ಯ. ಕಂದಾಯದಲ್ಲಿ ಕಟ್ಟಡದ ಪಾಲೂ ಇರುತ್ತದೆ, ಅಷ್ಟು ಭಾಗ ಬಾಡಿಗೆಗೆ ದಾಟಬಹುದು ಅಂತ ಒಪ್ಪುತ್ತೇನೆ.

ಲೇಔಟ್_ಮನುಷ್ಯ

ಪುಸ್ತಕದಲ್ಲಿ ಚೆನ್ನಾಗಿದೆ. ಬಾಡಿಗೆ ನಾನು ಕಟ್ಟುತ್ತಿದ್ದೇನೆ.

ಚಳ್ಳಕೆರೆ_ಶೇಂಗಾ

ಮೂರೇ ಎಕರೆ ಇರೋ ವಿಧವೆ ಊರ ಪಕ್ಕದಲ್ಲಿ ಹೊಲ ಮಾಡ್ತಾ ಇದ್ದರೆ ಅವಳಿಗೂ ಸೈಟಿನ ಬೆಲೆಗೆ ತೆರಿಗೆ ಹಾಕುತ್ತಾರಾ ನಿಮ್ಮ ಜಾರ್ಜ್? ಅವಳು ಮಾರಿ ಹೋಗಲಿ ಅಂತಾನಾ?

ನಿವೃತ್ತ_ಮೇಷ್ಟ್ರು

ಅವನ ಲೆಕ್ಕದಲ್ಲಿ ಹೌದು. ನನ್ನ ಲೆಕ್ಕದಲ್ಲಿ ಅಲ್ಲ. ಅದಕ್ಕೇ ನಾನು ಅವನ ಶಿಷ್ಯ ಆಗಲಿಲ್ಲ.

ಖಾರಮಂಡಕ್ಕಿ

ಒಂದು ಡೌಟ್. ಒಂದೇ ಲೇಔಟ್, ಒಂದೇ ಅಳತೆ, ಪೂರ್ವಕ್ಕೆ ಬಾಗಿಲು ಇರೋ ಸೈಟಿಗೆ ಯಾಕೆ ಜಾಸ್ತಿ? ಪಶ್ಚಿಮದ ಸೈಟಿಗೆ ಸೂರ್ಯ ಬರಲ್ವಾ?

ಲೇಔಟ್_ಮನುಷ್ಯ

ನಾನು ರಸ್ತೆಯನ್ನು ಹೇಗೆ ತಿರುಗಿಸಿದರೂ ಒಂದು ಸಾಲು ಪೂರ್ವ ಆದರೆ ಎದುರಿನ ಸಾಲು ಪಶ್ಚಿಮವೇ. ಮೂಲೆ ಸೈಟೂ ಅಷ್ಟೇ, ಬೀದಿಗೆ ಇಷ್ಟೇ ಮೂಲೆ. ಅದಕ್ಕೇ ಪ್ರಾಧಿಕಾರದವರು ಮೂಲೆ ಸೈಟನ್ನು ಹಂಚದೆ ಹರಾಜಿಗೆ ಇಡುತ್ತಾರೆ. ರೇಟ್ ಎಷ್ಟು ಏರಿದರೂ ನಾನು ಐದನೇ ಮೂಲೆ ಹುಟ್ಟಿಸೋಕೆ ಆಗಲ್ಲ. ಮೇಷ್ಟ್ರೇ, ಇದು ನಿಮ್ಮ ಕಂಬದ ಗೆರೆ ಅಲ್ವಾ?

ನಿವೃತ್ತ_ಮೇಷ್ಟ್ರು

ಹೌದು. ಡಿಸ್ಟಿಂಕ್ಷನ್.

ಪೂರ್ವದಿಕ್ಕು_ಪ್ರಾಪರ್ಟೀಸ್

ಶುಭ ಸುದ್ದಿ! ಶಾಮನೂರು ರಸ್ತೆ ಹತ್ತಿರ ಪೂರ್ವ ದಿಕ್ಕಿನ 30x40, ಕೆಲವೇ ಸೈಟ್ ಬಾಕಿ. ಇನ್‌ಬಾಕ್ಸ್‌ಗೆ ಬನ್ನಿ.

ಖಾರಮಂಡಕ್ಕಿ

ನೋಡಿ, ಬೇಡಿಕೆ ಮಾತಾಡಿದ್ದಕ್ಕೇ ಪೂರೈಕೆ ಬಂತು. ಯಾರ್ರೀ ಅದು ಸೊನ್ನೆ ಅಂದದ್ದು?

ಸರ್ವೇನಂಬರ್

ಕನ್ವರ್ಷನ್ ಆಗಿದೆಯಾ, ಇಲ್ಲಾ ಬಿ ಖಾತಾನಾ ಅಂತ ಕೇಳಿ ಮೊದಲು.

ನಿರ್ವಾಹಕ

ಜಾಹೀರಾತು ಹಾಕಿದವರ ಖಾತೆ ತಡೆಹಿಡಿದಿದ್ದೇವೆ. ಮೇಲಿನ ಪೋಸ್ಟ್ ಅಳಿಸಬೇಕಿತ್ತು, ಅದರ ಕೆಳಗಿನ ಉತ್ತರ ಚೆನ್ನಾಗಿದೆ ಅಂತ ಬಿಟ್ಟಿದ್ದೇವೆ.

ಹದಡಿರಸ್ತೆ_ಅಪ್ಪ

ನೀವೆಲ್ಲ ಇಷ್ಟು ಬರೆದಿದ್ದೀರಿ. ಪ್ರಿಂಟ್ ತೆಗೆಸಿ ಮಗಳಿಗೆ ಕೊಟ್ಟೆ, ಜೆರಾಕ್ಸ್ ಅಂಗಡಿಯವನು ಒಂಬತ್ತು ಹಾಳೆ ಅಂದ. ಅವಳು ಬದುವಿನ ಪಾರ್ಕಿಂಗ್ ಮತ್ತು ಮಾವನ ಟೀ ಎರಡಕ್ಕೂ ಹಳದಿ ಗೆರೆ ಹಾಕಿಕೊಂಡು ಕಾಲೇಜಿಗೆ ಹೋದಳು.

ಲೆಕ್ಚರರ್ ಓದಿದರಂತೆ, ನಿಂತುಕೊಂಡೇ. ಎರಡು ಅಂಕದ ಪ್ರಶ್ನೆಗೆ ಎರಡೇ ಸಾಲು ಬರೆಯಬೇಕು, ಇದು ಆರು ಅಂಕದ ಉತ್ತರ ಅಂದರಂತೆ. ಆಮೇಲೆ ಸೊನ್ನೆ ಹೊಡೆದು 1 ಮಾಡಿದರಂತೆ. "ಒಟ್ಟು ಭೂಮಿಗೆ ಸೊನ್ನೆ, ಒಂದು ಬಳಕೆಗೆ ಸೊನ್ನೆಗಿಂತ ಜಾಸ್ತಿ, ಇದನ್ನು ಮೊದಲೇ ಬರೆದಿದ್ದರೆ ಎರಡು ಕೊಡುತ್ತಿದ್ದೆ" ಅಂದರಂತೆ.

ನನಗೆ ಸಮಾಧಾನ. ಅವಳಿಗಿಲ್ಲ. ಉಳಿದ ಅರ್ಧ ಭಾಗಕ್ಕೆ ಮರುಮೌಲ್ಯಮಾಪನ ಕೇಳುತ್ತಾಳಂತೆ.

ಬೆಂಗಳೂರಲ್ಲಿ_ದಾವಣಗೆರೆ

ಶೇ 50 ಮಾರಿ ಉಳಿದದ್ದನ್ನು ಹಿಡಿದಿಟ್ಟುಕೊಂಡಿದ್ದಾರೆ ಲೆಕ್ಚರರ್. ನಮ್ಮ ಮಾವನ ಪಾಠ.

ಖಾರಮಂಡಕ್ಕಿ

ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆಗೆ ಸೇರೋಣ. ಮೇಷ್ಟ್ರು, ಲೇಔಟ್, ಬಿ ಬ್ಲಾಕ್, ಎಲ್ಲ ಬನ್ನಿ. ಒಂದೇ ಬೆಂಚು ಇರೋದು, ಬೇಗ ಬಂದವರಿಗೆ ಜಾಗ.

ಕೋಟೆಕಲ್ಲು

ದುರ್ಗದಿಂದ ಮೊದಲ ಬಸ್ಸಿಗೆ ಬರ್ತೀನಿ. ನನ್ನ ಜಾಗಕ್ಕೆ ಟವೆಲ್ ಹಾಕಿಡಿ.